ಕಲ್ಲಿನಲ್ಲಿಲ್ಲದ ಬಾರ್ಟ್ಲಿ

ಶನಿವಾರ ರಾತ್ರಿ ಅಷ್ಟು ಗಾಳಿ ಬೀಸದೇ ಇದ್ದಿದ್ದರೆ ಮ್ಯಾಲಕಿ ಟಿಮೊನಿ ಆ ಭಾನುವಾರವನ್ನೂ ಎಲ್ಲ ಭಾನುವಾರಗಳ ಹಾಗೆಯೇ ಕಳೆಯುತ್ತಿದ್ದ. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಹುರಿದ ಮಾಂಸದ ಜೊತೆ ಮೂರು ಥರದ ಆಲೂಗಡ್ಡೆ, ಆಮೇಲೆ ಟೀವಿಯ ಮುಂದೆ ಬಾಯಿ ತೆರೆದು ನಿದ್ದೆ. ಆದರೆ ಸಮುದ್ರದ ಕಡೆಯಿಂದ ಬಂದ ಗಾಳಿ ಡ್ರಮ್‌ಕರೀನ್ ಊರಿನ ಚೌಕದಲ್ಲಿ ಹೊಸದಾಗಿ ನಿಲ್ಲಿಸಿದ್ದ ಸ್ಮಾರಕದ ಹೊದಿಕೆಯನ್ನು ಕಿತ್ತುಕೊಂಡು ಹೋಗಿ ಗಸ್ಸಿ ಕಿಲ್‌ಕಲನ್‌ನ ಪಬ್ಬಿನ ಚಿಮಣಿಗೆ ಸುತ್ತಿಬಿಟ್ಟಿತು. ಮಧ್ಯಾಹ್ನ ಮೂರಕ್ಕೆ ಅನಾವರಣಗೊಳ್ಳಬೇಕಿದ್ದ ಕಲ್ಲನ್ನು, ಹಾಲು ತರಲು ಹೊರಟಿದ್ದ ಮ್ಯಾಲಕಿ ಬೆಳಿಗ್ಗೆಯೇ ಓದಿಬಿಟ್ಟ.

ಮೊದಲ ಮಹಾಯುದ್ಧಕ್ಕೆ ನಮ್ಮೂರಿನಿಂದ ಹೋದವರ ಹೆಸರುಗಳು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಸಿಲ್ವೆಸ್ಟರ್ ಮುಲ್‌ರೂನಿ. ಪಕ್ಕದಲ್ಲಿ, ಗುಂಡಿನ ಮಳೆಯಲ್ಲಿ ಇಬ್ಬರು ಗಾಯಾಳುಗಳನ್ನು ಹೊತ್ತು ತಂದದ್ದಕ್ಕೆ ಸಿಕ್ಕ ಶೌರ್ಯಪದಕದ ಗುರುತು. ಮ್ಯಾಲಕಿ ಮೇಲಿನಿಂದ ಕೆಳಕ್ಕೆ ಓದಿದ, ಕೆಳಗಿನಿಂದ ಮೇಲಕ್ಕೆ ಓದಿದ. ಜಾಗ ಸಾಲದೆ ಹಿಂಬದಿಯಲ್ಲಿ ಕೆತ್ತಿರಬಹುದೆಂದು ಕಲ್ಲಿನ ಹಿಂದಕ್ಕೂ ಹೋಗಿ ನೋಡಿದ. ಹಿಂದೆ ಒಂದು ನಾಯಿ ಕಾಲೆತ್ತಿಕೊಂಡು ನಿಂತಿತ್ತು, ಅಷ್ಟೆ. ಅವನ ಮುತ್ತಜ್ಜ ಬಾರ್ಟ್ಲಿ ಟಿಮೊನಿ ಎಲ್ಲೂ ಇರಲಿಲ್ಲ.

ಇದು ಸಣ್ಣ ವಿಷಯವಲ್ಲ. ನೂರು ವರ್ಷದ ಹಿಂದೆ ಇಂಗ್ಲಿಷರು ನಮ್ಮನ್ನು ಆಳುತ್ತಿದ್ದರು; ಅವರ ರಾಜನ ಸೈನ್ಯದ ಅಂಗಿ ತೊಟ್ಟವರೆಂದರೆ ನಮ್ಮೂರಿಗೆ ನಾಚಿಕೆ. ಯುದ್ಧದಿಂದ ಬದುಕಿ ಬಂದವರು ಪದಕವನ್ನು ಟೀ ಡಬ್ಬಿಯ ತಳಕ್ಕೆ ಹಾಕಿ, ಸಾಯುವ ತನಕ ಮಳೆ ಬಿಸಿಲಿನ ಮಾತನ್ನಷ್ಟೇ ಆಡಿದರು. ಈಗ ಕಾಲ ತಿರುಗಿದೆ. ಈಗ ಪ್ರತಿ ಮನೆಗೂ ಅಂಥವನೊಬ್ಬ ಬೇಕು. ಇಲ್ಲದವರು ಹುಡುಕುತ್ತಾರೆ, ಸಿಗದವರು ಹೊಟ್ಟೆ ಉರಿದುಕೊಳ್ಳುತ್ತಾರೆ. ಟಿಮೊನಿ ಮನೆಯಲ್ಲಿ ಬಾರ್ಟ್ಲಿ ಯುದ್ಧಕ್ಕೆ ಹೋಗಿದ್ದ ಎಂಬ ಮಾತು ಬಾಯಿಂದ ಬಾಯಿಗೆ ಬಂದಿತ್ತು, ಆಧಾರ ಮಾತ್ರ ಬಂದಿರಲಿಲ್ಲ. ಊರು ಹೇಳುತ್ತಿದ್ದುದೇ ಬೇರೆ. ಆ ವರ್ಷಗಳಲ್ಲಿ ಬಾರ್ಟ್ಲಿ ಸ್ಕಾಟ್ಲೆಂಡಿನ ಹೊಲಗಳಲ್ಲಿ ಆಲೂಗಡ್ಡೆ ಅಗೆಯುತ್ತಿದ್ದನಂತೆ. ಶಾಲೆಯಲ್ಲಿ ಮ್ಯಾಲಕಿಯ ಬೆನ್ನಿಗೆ ಆಲೂಗಡ್ಡೆ ಬಿದ್ದಿದ್ದವು. ಅವನ ಅಪ್ಪ ಇದೇ ಮಾತಿಗೆ ಪಬ್ಬಿನಲ್ಲಿ ಹೊಡೆದಾಡಿ ಮೂಗು ಮುರಿದುಕೊಂಡು, ಆ ಸೊಟ್ಟ ಮೂಗಿನಲ್ಲೇ ಸತ್ತಿದ್ದ. ವಾಷಿಂಗ್ ಮಷೀನ್ ರಿಪೇರಿ ಮಾಡಿಕೊಂಡು ಐವತ್ತು ದಾಟಿದ ಮ್ಯಾಲಕಿಗೆ ಈ ಜನ್ಮದಲ್ಲಿ ಬೇಕಿದ್ದದ್ದು ಒಂದೇ. ಆ ಕಲ್ಲಿನ ಮೇಲೆ ಬಾರ್ಟ್ಲಿಯ ಹೆಸರು.

ಅವನು ಹಾಲು ಮರೆತು ಸೀದಾ ಚರ್ಚಿಗೆ ಹೋದ. ಪೂಜೆ ಮುಗಿದು ಜನ ಹೊರಗೆ ಬರುವಾಗ ಬಾಗಿಲಲ್ಲೇ ಅಟ್ರಾಕ್ಟಾ ಮುಲ್‌ರೂನಿಯನ್ನು ಅಡ್ಡಗಟ್ಟಿದ. ಅಟ್ರಾಕ್ಟಾ ಊರಿನ ನಿವೃತ್ತ ಹೆಡ್‌ಮಿಸ್ಸು, ಸ್ಮಾರಕ ಸಮಿತಿಯ ಅಧ್ಯಕ್ಷೆ, ಮತ್ತು ಕಲ್ಲಿನ ತಲೆಯ ಮೇಲೆ ಕೂತಿದ್ದ ಆ ಸಿಲ್ವೆಸ್ಟರನ ಸ್ವಂತ ಮೊಮ್ಮಗಳು. ಮುಲ್‌ರೂನಿಗಳೆಲ್ಲ ಏಣಿಯಂಥ ಜನ. ಚರ್ಚಿನ ಬಾಗಿಲಲ್ಲಿ ಅವರು ತಲೆ ಬಗ್ಗಿಸುವುದು ದೇವರ ಭಯಕ್ಕಲ್ಲ, ಹಣೆಯ ಭಯಕ್ಕೆ. ಆಕೆಯ ಮುಂದೆ ನಿಂತ ಕೂಡಲೇ ಮ್ಯಾಲಕಿಯ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

"ಏನೋ ಮ್ಯಾಲಕಿ, ಕೈ ಯಾಕೆ ಬಚ್ಚಿಟ್ಟೆ? ಉಗುರು ಕತ್ತರಿಸಿಲ್ವಾ?"

"ಮಿಸ್, ಕಲ್ಲಲ್ಲಿ ನಮ್ಮ ಮುತ್ತಜ್ಜನ ಹೆಸರಿಲ್ಲ."

"ಮುಚ್ಚಿಟ್ಟ ಕಲ್ಲನ್ನ ಕದ್ದು ಓದೋದು ಯಾವ ಬುದ್ಧಿ?"

"ತೆರೆದದ್ದು ಗಾಳಿ, ಮಿಸ್. ನಾನು ಓದಿದೆ ಅಷ್ಟೆ. ಓದೋಕೆ ಕಲಿಸಿದ್ದು ನೀವೇ."

ಜನ ಸುತ್ತ ನಿಂತರು. ಭಾನುವಾರದ ಪೂಜೆಯ ನಂತರ ನಮ್ಮೂರಿನವರಿಗೆ ಊಟದ ತನಕ ಬೇರೇನೂ ಕೆಲಸವಿರುವುದಿಲ್ಲ. ಅಟ್ರಾಕ್ಟಾ ತರಗತಿಗೆ ಹೇಳುವಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಸಮಿತಿ ನಿಯಮ ಎರಡೇ. ಒಂದು, ಸೈನ್ಯದ ಕಾಗದ ಇರಬೇಕು. ಎರಡು, ಮಧ್ಯದಲ್ಲಿ ಓಡಿಬಂದವನಾಗಿರಬಾರದು. ಬಾರ್ಟ್ಲಿ ಟಿಮೊನಿ ಅನ್ನೋ ಹೆಸರಲ್ಲಿ ಒಂದೇ ಒಂದು ಕಾಗದ ತೋರ್ಸು, ನಾನೇ ಉಳಿ ಹಿಡಿದು ಕೆತ್ತುತೀನಿ."

"ಸ್ಕಾಟ್ಲೆಂಡಿಗೆ ಬರೆದು ಕೇಳೋ ಮ್ಯಾಲಕಿ," ಎಂದ ಪಬ್ಬಿನ ಗಸ್ಸಿ ಹಿಂದಿನಿಂದ. "ಯಾವುದಾದ್ರೂ ಆಲೂಗಡ್ಡೆ ಧಣಿ ಮನೇಲಿ ಬಾರ್ಟ್ಲಿದು ಹಾಜರಿ ಇರಬೋದು. ಯುದ್ಧದಲ್ಲಿ ಕಂದಕ ತೋಡಿದ್ರು, ಅಲ್ಲೂ ಗುಂಡಿ ತೋಡಿದ್ದೇ ತಾನೆ!"

ಚರ್ಚಿನ ಅಂಗಳವೆಲ್ಲ ನಕ್ಕಿತು. ಫಾದರ್ ಕೋಲ್ಮನ್ ಕೂಡ ನಕ್ಕು, ಕೆಮ್ಮಿದಂತೆ ಮಾಡಿದರು. ಮ್ಯಾಲಕಿಯ ಕಿವಿ ಕೆಂಪಾಯಿತು. ಅವನ ಕೈಗಳು ಬೆನ್ನ ಹಿಂದಿನಿಂದ ಮುಂದಕ್ಕೆ ಬಂದವು.

"ಮೂರು ಗಂಟೆ ಒಳಗೆ ತರ್ತೀನಿ. ತರ್ಲಿಲ್ಲ ಅಂದ್ರೆ ಊರ ಮುಂದೆ ಮೈಕ್ ಹಿಡ್ಕೊಂಡು ನಾನೇ ಹೇಳ್ತೀನಿ, ಹೌದು, ನಾನು ಆಲೂಗಡ್ಡೆ ಬಾರ್ಟ್ಲಿಯ ಮರಿಮಗ ಅಂತ. ಎಲ್ಲರೂ ಕೇಳಿಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡಿದ್ದರು. ಗಸ್ಸಿ ಎರಡು ಸಲ ಹೇಳಿಸಿ ಕೇಳಿಸಿಕೊಂಡ.

ಆವೇಶದಲ್ಲಿ ಹೇಳಿದ್ದೇನೋ ಆಯಿತು, ಕಾಗದ ಎಲ್ಲಿಂದ ತರುವುದು? ಅವನ ಹೆಂಡತಿ ಡಿಂಪ್ನಾಳ ತಂಗಿ ಬ್ರೀಜ್ ಲಂಡನ್ನಿನಲ್ಲಿ ನರ್ಸು. ಭಾವನ ಕಾಟ ತಡೆಯಲಾರದೆ ಅವಳು ಆ ಗುರುವಾರವಷ್ಟೇ ರಜೆ ಹಾಕಿ ದಾಖಲೆ ಕಚೇರಿಗೆ ಹೋಗಿ ಬಂದಿದ್ದಳು. ಮ್ಯಾಲಕಿ ಮಳೆಯಲ್ಲಿ ನೆನೆದುಕೊಂಡೇ ಮನೆಗೆ ನಡೆಯುತ್ತ ಅವಳಿಗೆ ಫೋನು ಹಚ್ಚಿದ.

"ಭಾವಾ, ನಿಮ್ಮ ಬಾರ್ಟ್ಲಿ ಹೆಸರಲ್ಲಿ ಏನೂ ಇಲ್ಲ. ಸುಟ್ಟಿರಬೋದು."

"ಯಾರು ಸುಟ್ಟಿದ್ದು?"

"ಜರ್ಮನ್ನರು. ಎರಡನೇ ಯುದ್ಧದಲ್ಲಿ ಬಾಂಬ್ ಹಾಕಿದ್ರಲ್ಲ, ಮೊದಲನೇ ಯುದ್ಧದ ಕಾಗದ ಅರ್ಧಕ್ಕರ್ಧ ಹೋಯ್ತು."

"ಹಾಗಾದ್ರೆ ಡಬ್ಲಿನ್ನಲ್ಲಿ ನಮ್ಮ ಹಳೇ ಕಾಗದ ಇರುತ್ತಲ್ಲ?"

"ಅದನ್ನ ನಾವೇ ಸುಟ್ಕೊಂಡ್ವಲ್ಲ ಭಾವಾ, ಇಂಗ್ಲಿಷರು ಹೋದ ಮೇಲೆ ನಮ್ಮ ನಮ್ಮಲ್ಲೇ ಜಗಳ ಆಡುವಾಗ."

ಮ್ಯಾಲಕಿ ರಸ್ತೆಯ ಮಧ್ಯೆ ನಿಂತ. ಸೋತವನ ಮುಖ ಅವನದಾಗಿರಲಿಲ್ಲ. ತನ್ನವನನ್ನು ಹತ್ತಿಸಲಾಗದಿದ್ದರೆ ಅವರವನನ್ನಾದರೂ ಇಳಿಸುತ್ತೇನೆ ಎಂಬ ಹಟ ಅವನ ತಲೆಗೇರಿತು.

"ಆ ಸಿಲ್ವೆಸ್ಟರ್ ಮುಲ್‌ರೂನಿದು ಸುಟ್ಟಿಲ್ವಾ?"

"ಇದೆ. ಊರಿನ ಎಲ್ಲರದೂ ಮೊದಲ ಹಾಳೆ ಫೋಟೋ ತೆಗೆದಿದ್ದೀನಿ. ಯಾವುದಕ್ಕೂ ಇರ್ಲಿ ಅಂತ."

"ಅವನದು ಕಳ್ಸು. ಆ ಮನುಷ್ಯ ನಿಜವಾಗ್ಲೂ ಹೋಗಿದ್ನಾ ಇಲ್ವಾ ನೋಡೇ ಬಿಡ್ತೀನಿ."

"ಡ್ಯೂಟಿ ಮುಗಿಸಿ ಕಳಿಸ್ತೀನಿ. ಅಕ್ಕನ ಫೋನಿಗೆ ಹಾಕ್ತೀನಿ, ನಿಮ್ಮದರಲ್ಲಿ ಫೋಟೋ ತೆರೆಯಲ್ಲ."

ಮನೆಗೆ ಬಂದರೆ ಅಡುಗೆಮನೆಯಲ್ಲಿ ಆಗಲೇ ಜನ. ಗಸ್ಸಿ ಇದ್ದ. ಎದುರು ಮನೆಯ ವಿಧವೆ ನೋರೀನ್ ಇದ್ದಳು. ಸಹಾಯ ಮಾಡಲು ಬಂದೆವೆಂದು ಇಬ್ಬರೂ ಹೇಳಿದರು. ಮ್ಯಾಲಕಿ ಸೋಲುವುದನ್ನು ಹತ್ತಿರದಿಂದ ನೋಡಲು ಬಂದಿದ್ದರೆಂದು ಡಿಂಪ್ನಾಳಿಗೆ ಗೊತ್ತಿತ್ತು. ಆದರೂ ಬಂದವರಿಗೆ ಟೀ ಕೊಡದಿದ್ದರೆ ನಮ್ಮೂರಿನಲ್ಲಿ ಅದು ಕೊಲೆಗೆ ಸಮ.

"ಅಟ್ಟ ಹತ್ತಿ ನೋಡೋ," ಎಂದ ಗಸ್ಸಿ ಬಿಸ್ಕತ್ತು ಅದ್ದುತ್ತ. "ಎಲ್ಲರ ಮನೆ ಪದಕಾನೂ ಅಟ್ಟದ ಮೇಲೆ ಟೀ ಡಬ್ಬೀಲೇ ಸಿಕ್ಕಿದ್ದು. ಮುಲ್‌ರೂನಿಗಳಿಗೂ ಅಲ್ಲೇ ಸಿಕ್ಕಿದ್ದು."

"ಅಟ್ಟದ ಹಲಗೆ ಲಡ್ಡಾಗಿದೆ, ಹತ್ತಬೇಡ," ಎಂದಳು ಡಿಂಪ್ನಾ. "ಹೋದ ವರ್ಷದಿಂದ ಸರಿ ಮಾಡು ಅಂತಿದ್ದೀನಿ."

"ಇವತ್ತು ನನ್ನನ್ನ ಯಾರೂ ತಡೀಬೇಡಿ," ಎಂದು ಮ್ಯಾಲಕಿ ನೆಂದ ಬೂಟು, ನೆಂದ ಸಾಕ್ಸು ಎರಡನ್ನೂ ಒಲೆಯ ಪಕ್ಕ ಬಿಸಾಕಿ ಬರಿಗಾಲಲ್ಲಿ ಏಣಿ ಹತ್ತಿದ.

ಅಟ್ಟದ ಮೇಲೆ ಟೀ ಡಬ್ಬಿಗಳು ಇದ್ದವು. ಒಂದರಲ್ಲಿ ಮೊಳೆ, ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಡಿಂಪ್ನಾ ಮದುವೆಗೆ ಮುಂಚೆ ಬೇರೆಯವನಿಂದ ಪಡೆದ ಕಾಗದಗಳು. ಅದನ್ನು ಓದಲೋ ಬೇಡವೋ ಎಂದು ಅವನು ಒಂದು ಹೆಜ್ಜೆ ಬೆಳಕಿನ ಕಡೆ ಇಟ್ಟ. ಕೆಳಗೆ ಕೂತವರಿಗೆ ಒಂದು ದೊಡ್ಡ ಸದ್ದು ಕೇಳಿತು. ಅಡುಗೆಮನೆಯ ಸೂರು ಬಾಯಿ ಬಿಟ್ಟಿತು, ಒಂದು ಬುಟ್ಟಿ ಧೂಳು ಹುರಿದ ಮಾಂಸದ ಮೇಲೆ ಸುರಿಯಿತು, ಅದರ ಹಿಂದೆಯೇ ಮ್ಯಾಲಕಿಯ ಎಡಗಾಲು ತೊಡೆಯ ತನಕ ಇಳಿದು ಊಟದ ಮೇಜಿನ ಮೇಲೆ ಜೋತುಬಿತ್ತು.

"ಇಳಿಯಲ್ಲ! ಇಳಿಯೋಕಾಗ್ತಿಲ್ಲ!" ಎಂದು ಮೇಲಿನಿಂದ ಕೂಗು ಬಂತು.

"ಯಾರ ಕಾಗದ ಓದ್ತಿದ್ದೆ ಅಲ್ಲಿ?" ಎಂದು ಡಿಂಪ್ನಾ ಕಾಲಿಗೆ ಕೇಳಿದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಗಂಡ ಅಟ್ಟದಲ್ಲಿ ಎಲ್ಲಿ ನಿಂತಿದ್ದಾನೆಂದು ಅಂದಾಜಿರುತ್ತದೆ.

ಗಸ್ಸಿ ಕಾಲನ್ನು ಮೇಲಕ್ಕೆ ನೂಕಿದ, ನೋರೀನ್ ಕೆಳಕ್ಕೆ ಎಳೆದಳು. ಇಬ್ಬರೂ ಸಹಾಯವನ್ನೇ ಮಾಡುತ್ತಿದ್ದರು. ಅಷ್ಟರಲ್ಲಿ ಡಿಂಪ್ನಾಳ ಫೋನು ಸದ್ದು ಮಾಡಿತು. ಬ್ರೀಜ್ ಹಾಳೆ ಕಳಿಸಿದ್ದಳು.

"ಓದು! ಓದು!" ಎಂದಿತು ಅಟ್ಟ.

ಡಿಂಪ್ನಾ ಕನ್ನಡಕ ಹಾಕಿಕೊಂಡು, ಗಂಡನ ಮುಖ ಕಾಣದ್ದರಿಂದ ಕಾಲಿನ ಕಡೆಗೇ ತಿರುಗಿ ಓದತೊಡಗಿದಳು. "ಸಿಲ್ವೆಸ್ಟರ್ ಮುಲ್‌ರೂನಿ. ಕೂಲಿ. ಎತ್ತರ ಐದು ಅಡಿ ಮೂರು ಇಂಚು..."

"ಎಷ್ಟು?" ಗಸ್ಸಿ ತಳ್ಳುವುದನ್ನು ನಿಲ್ಲಿಸಿದ. "ಮುಲ್‌ರೂನಿ ಮನೇಲಿ ಅಷ್ಟು ಕುಳ್ಳಗಿರೋದು ಬಟ್ಟೆ ಬೀರು ಒಂದೇ."

"ಕೂದಲು ಕೆಂಪು. ಕಿವಿ ಅಗಲ. ಮೈಮೇಲಿನ ಗುರುತು..." ಡಿಂಪ್ನಾ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಎಡಗಾಲಿನ ಎರಡನೇ, ಮೂರನೇ ಬೆರಳು ತುದಿ ತನಕ ಕೂಡಿಕೊಂಡಿವೆ. ಬಾತುಕೋಳಿ ಹಾಗೆ."

ಮೂವರೂ ಒಟ್ಟಿಗೆ ತಲೆ ಎತ್ತಿದರು. ಟಿಮೊನಿ ಗಂಡಸರು ಸಮುದ್ರಕ್ಕೂ ಸಾಕ್ಸು ಹಾಕಿಕೊಂಡೇ ಇಳಿಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಜಿಪುಣರು, ಸಾಕ್ಸು ತೊಳೆಯುವ ಸೋಪು ಉಳಿಸುತ್ತಾರೆ ಎಂದು ಊರು ಅಂದುಕೊಂಡಿತ್ತು. ಈಗ ಆಲೂಗಡ್ಡೆಯ ಪಾತ್ರೆಯ ಮೇಲೆ ನೇತಾಡುತ್ತಿದ್ದ ಆ ಪಾದದ ಎರಡನೇ ಬೆರಳೂ ಮೂರನೇ ಬೆರಳೂ ತುದಿಯ ತನಕ ಒಂದಾಗಿದ್ದವು.

ನೋರೀನ್ ಶಿಲುಬೆಯ ಗುರುತು ಮಾಡಿಕೊಂಡಳು. "ಮ್ಯಾಲಕಿ," ಎಂದಳು ಡಿಂಪ್ನಾ ಮೆಲ್ಲಗೆ, "ನಿಮ್ಮ ಮುತ್ತಜ್ಜ ಸಿಕ್ಕಿದ."

ಮೂರು ಗಂಟೆಗೆ ಚೌಕದಲ್ಲಿ ಊರೆಲ್ಲ ಸೇರಿತ್ತು. ಬ್ಯಾಂಡಿನವರು ಬಂದಿದ್ದರು, ಜಿಲ್ಲಾ ಪತ್ರಿಕೆಯ ಫೋಟೋಗ್ರಾಫರ್ ಬಂದಿದ್ದ, ಚಿಮಣಿಯಿಂದ ಬಿಡಿಸಿ ತಂದ ಹೊದಿಕೆಯನ್ನು ಮತ್ತೆ ಕಲ್ಲಿಗೆ ಹೊದಿಸಲಾಗಿತ್ತು. ಊರೇ ಓದಿಯಾಗಿದ್ದ ಕಲ್ಲನ್ನು ಯಾರೂ ಓದಿಲ್ಲವೆಂಬಂತೆ ಎಲ್ಲರೂ ಕುತೂಹಲದಿಂದ ನಿಂತಿದ್ದರು. ಅಟ್ರಾಕ್ಟಾ ಅಜ್ಜನ ಪದಕವನ್ನು ಕೋಟಿಗೆ ಚುಚ್ಚಿಕೊಂಡಿದ್ದಳು. ಪಕ್ಕದಲ್ಲಿ ಅವಳ ತಮ್ಮ ಲೊರ್ಕನ್, ಆರಡಿ ನಾಲ್ಕಿಂಚು. ಫಾದರ್ ಕೋಲ್ಮನ್ ಪವಿತ್ರ ಜಲ ಚಿಮುಕಿಸಲು ಕೈ ಎತ್ತಿದರು.

"ನಿಲ್ಸಿ ಫಾದರ್!"

ಜನ ದಾರಿ ಬಿಟ್ಟರು. ಮ್ಯಾಲಕಿ ಕುಂಟುತ್ತ ಬಂದ. ಬಲಗಾಲಿನಲ್ಲಿ ಭಾನುವಾರದ ಬೂಟು. ಊದಿಕೊಂಡ ಎಡಗಾಲಿನಲ್ಲಿ ಡಿಂಪ್ನಾಳ ಗುಲಾಬಿ ಬಣ್ಣದ ತುಪ್ಪಳದ ಚಪ್ಪಲಿ, ಬೇರೆ ಯಾವುದೂ ಹಿಡಿಸಿರಲಿಲ್ಲ. ತಲೆಯ ಮೇಲೆ ಇನ್ನೂ ಅಟ್ಟದ ಧೂಳಿತ್ತು.

"ಮೈಕ್ ಅಲ್ಲಿದೆ ಮ್ಯಾಲಕಿ," ಎಂದಳು ಅಟ್ರಾಕ್ಟಾ. "ಆಲೂಗಡ್ಡೆ ಭಾಷಣ ಬೇಗ ಮುಗ್ಸು, ಮಳೆ ಬರ್ತಿದೆ."

ಮ್ಯಾಲಕಿ ಮೈಕ್ ಹಿಡಿಯಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಹತ್ತಿ, ಲೊರ್ಕನ್‌ನ ಭುಜ ಆಧಾರಕ್ಕೆ ಹಿಡಿದುಕೊಂಡು, ತುಪ್ಪಳದ ಚಪ್ಪಲಿ ಒದ್ದು ಕಾಲನ್ನು ಊರಿನ ಮೂಗಿನ ಮಟ್ಟಕ್ಕೆ ಎತ್ತಿದ.

"ಇದೇ ನನ್ನ ಕಾಗದ!"

ಅಷ್ಟು ವರ್ಷ ಸಾಕ್ಸಿನೊಳಗೆ ಬಚ್ಚಿಟ್ಟಿದ್ದನ್ನು ಅವನು ಬ್ಯಾಂಡಿನವರಿಗೆ, ಫಾದರಿಗೆ, ಮುಂದಿನ ಸಾಲಿನ ಹೆಂಗಸರಿಗೆ ತಿರುಗಿಸಿ ತಿರುಗಿಸಿ ತೋರಿಸಿದ. ಡಿಂಪ್ನಾ ಫೋನು ಹಿಡಿದು ಸಿಲ್ವೆಸ್ಟರ್ ಮುಲ್‌ರೂನಿಯ ಹಾಳೆಯನ್ನು ಜೋರಾಗಿ ಓದಿದಳು. ಐದು ಅಡಿ ಮೂರು ಇಂಚು ಎಂದಾಗ ಎಲ್ಲರ ಕಣ್ಣೂ ಲೊರ್ಕನ್‌ನನ್ನು ಕೆಳಗಿನಿಂದ ಮೇಲಕ್ಕೆ ಅಳೆದವು. ಬೆರಳಿನ ಮಾತು ಬಂದಾಗ ಗಸ್ಸಿ ಕೂಗಿದ, "ಲೊರ್ಕನ್, ನಿಂದೂ ಬಿಚ್ಚಿ ತೋರ್ಸಪ್ಪಾ!" ಲೊರ್ಕನ್ ಬೂಟು ಬಿಚ್ಚಿದ. ತೂತು ಬಿದ್ದ ಸಾಕ್ಸಿನಿಂದ ಐದು ಬೆರಳು ಐದು ದಿಕ್ಕಿಗೆ ನೋಡುತ್ತಿದ್ದವು.

"ಅಂದ್ರೆ..." ಫಾದರ್ ಕೋಲ್ಮನ್ ಪವಿತ್ರ ಜಲದ ಪಾತ್ರೆಯನ್ನು ಕೆಳಗಿಟ್ಟರು. "ಬಾರ್ಟ್ಲಿ ಯಾಕೆ ಇವರ ಹೆಸರು ಕೊಟ್ಟ?"

"ಕೊಡದೆ ಇನ್ನೇನು ಫಾದರ್?" ಎಂದ ಗಸ್ಸಿ. ಗಾಳಿ ಬೀಸಿದ ಕಡೆ ವಾಲುವವನು ಅವನು, ಈಗ ಪೂರ್ತಿ ಟಿಮೊನಿ ಕಡೆಗಿದ್ದ. "ಆಗ ಸೈನ್ಯ ಸೇರೋದು ಅಂದ್ರೆ ಮನೆಗೇ ಕೆಟ್ಟ ಹೆಸರು. ಎಲ್ಲ ಹುಡುಗರೂ ಸುಳ್ಳು ಹೆಸರು ಕೊಡ್ತಿದ್ರು. ಬಾರ್ಟ್ಲಿಗೂ ಮುಲ್‌ರೂನಿಗಳಿಗೂ ಹುಲ್ಲುಗಾವಲಿನ ಕಾಲುವೆ ಜಗಳ. ಕೆಟ್ಟ ಹೆಸರು ಬರೋದೇ ಆದ್ರೆ ಅವರ ಮನೆಗೇ ಹೋಗ್ಲಿ ಅಂತ ವಿಳಾಸ ಸಮೇತ ಬರೆಸಿದ. ಅವನ ದುರದೃಷ್ಟ, ಒಳ್ಳೆ ಹೆಸರು ಬಂದುಬಿಡ್ತು. ಪದಕ ಅಂಚೇಲಿ ಸೀದಾ ಅವರ ಮನೆಗೇ ಹೋಯ್ತು!"

"ಸಿಲ್ವೆಸ್ಟರ್ ಅದನ್ನ ವಾಪಸ್ ಕಳಿಸಬೋದಿತ್ತು," ಎಂದರು ಫಾದರ್.

"ರಾಜನ ತಲೆ ಇರೋ ಪದಕ ಹಿಡ್ಕೊಂಡು ಅಂಚೆ ಕಚೇರಿಗೆ ಹೋದ್ರೆ ಊರೆಲ್ಲ ನೋಡಲ್ವಾ? ಟೀ ಡಬ್ಬಿಗೆ ಹಾಕಿದ."

"ಹಾಗಾದ್ರೆ," ಎಂದಳು ನೋರೀನ್, "ಸ್ಕಾಟ್ಲೆಂಡಿಗೆ ಆಲೂಗಡ್ಡೆ ಅಗಿಯೋಕೆ ಹೋಗಿದ್ದು ಯಾರು?"

ಯುದ್ಧದ ಮೊದಲ ವರ್ಷಗಳಲ್ಲಿ ಸಿಲ್ವೆಸ್ಟರನೂ ಊರಲ್ಲಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಲೊರ್ಕನ್‌ನ ಬೆರಳುಗಳನ್ನೇ ನೋಡಿದರು. ಲೊರ್ಕನ್ ಬೂಟು ಹಾಕಿಕೊಂಡ.

ಮ್ಯಾಲಕಿಯ ಬದುಕಿನಲ್ಲಿ ಅಂಥ ಗಳಿಗೆ ಬಂದಿರಲಿಲ್ಲ. ಅವನ ಅಪ್ಪನ ಸೊಟ್ಟ ಮೂಗು ಕಣ್ಣೆದುರು ಬಂತು. "ಇಬ್ಬರು ಗಾಯಾಳುಗಳನ್ನ ಬೆನ್ನ ಮೇಲೆ ಹೊತ್ಕೊಂಡು ಬಂದೋನು ನಮ್ಮ ಬಾರ್ಟ್ಲಿ. ಗುಂಡಿನ ಮಳೇಲಿ! ನೀವು ನನ್ನ ಬೆನ್ನಿಗೆ ಆಲೂಗಡ್ಡೆ ಹೊಡೆದ್ರಿ. ಈಗ ಕೆತ್ತಿ! ಮಿಸ್, ಉಳಿ ಹಿಡೀತೀನಿ ಅಂದಿದ್ರಿ, ಹಿಡೀರಿ!"

ಅಟ್ರಾಕ್ಟಾ ಕುರ್ಚಿಯ ಮೇಲೆ ಕುಸಿದಳು. ನೀರು ತನ್ನಿ ಎಂದು ಯಾರೋ ಕೂಗಿದರು. ಆಕೆಯ ಭುಜ ಅಲುಗುತ್ತಿತ್ತು. ಮ್ಯಾಲಕಿಗೆ ಒಳಗೊಳಗೆ ಪಾಪ ಅನ್ನಿಸಿತು, ಎಷ್ಟೆಂದರೂ ಕಲಿಸಿದವಳು. ಆದರೆ ಹತ್ತಿರ ಹೋದ ಫಾದರ್ ತಬ್ಬಿಬ್ಬಾಗಿ ಹಿಂದೆ ಸರಿದರು.

"ಅಳ್ತಿಲ್ಲ," ಎಂದರು. "ನಗ್ತಿದ್ದಾರೆ."

ಅಟ್ರಾಕ್ಟಾ ಎದ್ದು ಬಂದು ಮ್ಯಾಲಕಿಯನ್ನು ಕಟ್ಟೆಯ ಮೇಲೆಯೇ ತಬ್ಬಿ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಆಮೇಲೆ ಕೈಚೀಲದೊಳಗಿನ ಚೀಲದಿಂದ, ಅದರೊಳಗಿನ ಲಕೋಟೆಯಿಂದ ಒಂದು ಹಾಳೆ ತೆಗೆದಳು.

"ಅದೇ ಕಡತದ್ದು ಎರಡನೇ ಹಾಳೆ. ಎರಡು ವರ್ಷದಿಂದ ಹೊತ್ಕೊಂಡು ತಿರುಗ್ತಿದ್ದೀನಿ. ಮನೇಲಿಟ್ರೆ ಲೊರ್ಕನ್ ನೋಡ್ತಾನೆ, ಸುಟ್ರೆ ಇತಿಹಾಸಕ್ಕೆ ದ್ರೋಹ. ಒಂದು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಕಣೋ ಮ್ಯಾಲಕಿ."

ಪಾಠ ಓದುವ ಗಂಟಲಿನಲ್ಲಿ ಆಕೆ ಓದಿದಳು. ಪದಕ ಪಡೆದ ಸಿಲ್ವೆಸ್ಟರ್ ಮುಲ್‌ರೂನಿ ಎಂಬ ಸೈನಿಕನಿಗೆ ಸಾವಿರದ ಒಂಬೈನೂರ ಹದಿನೇಳರ ಬೇಸಿಗೆಯಲ್ಲಿ ಗಾಯ ವಾಸಿಯಾಗಲೆಂದು ಊರಿಗೆ ರಜೆ ಕೊಡಲಾಯಿತು. ರಜೆ ಮುಗಿದರೂ ಮರಳಲಿಲ್ಲ. ಪರಾರಿ. ಪೊಲೀಸರು ಮುಲ್‌ರೂನಿ ಮನೆಗೆ ಹೋಗಿ ಅವನನ್ನು ಹಿಡಿದು ತಂದರು. ಕೈದಿ ತಾನು ಸೈನಿಕನೇ ಅಲ್ಲ ಎಂದು ಹಟ ಹಿಡಿದಿದ್ದಾನೆ. ಸೈನಿಕ ಜೈಲಿನಲ್ಲಿ ಹನ್ನೊಂದು ವಾರ ಇಟ್ಟರೂ ಅದೇ ಮಾತು. ಸೇರಿದಾಗಿನದಕ್ಕಿಂತ ಒಂದಡಿ ಎತ್ತರವಾಗಿದ್ದಾನೆ, ಸೈನ್ಯದ ಊಟ ಚೆನ್ನಾಗಿ ಒಗ್ಗಿದಂತಿದೆ ಎಂದು ವೈದ್ಯರ ಅಭಿಪ್ರಾಯ. ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಬಿಡುಗಡೆ.

"ನಮ್ಮಜ್ಜ ಓಡಿಬಂದವನು, ಸಾಲದ್ದಕ್ಕೆ ಹುಚ್ಚ ಅಂದ್ಕೊಂಡಿದ್ದೆ," ಎಂದಳು ಅಟ್ರಾಕ್ಟಾ. ಈಗ ನಿಜವಾಗಿಯೇ ಅವಳ ಕಣ್ಣಲ್ಲಿ ನೀರಿತ್ತು. "ಅವನು ನಿಜ ಹೇಳ್ತಿದ್ದ! ದಿನಾ ನಿಜ ಹೇಳ್ತಿದ್ದ!"

"ಸ್ವಲ್ಪ ತಡೀರಿ ಮಿಸ್," ಎಂದ ಮ್ಯಾಲಕಿ. "ಅಂದ್ರೆ ಓಡಿಬಂದವನು ಅಂತ ಗೊತ್ತಿದ್ದೂ ನೀವು ಅವನ ಹೆಸರನ್ನ ಮೇಲುಗಡೆ—"

"ಅದು ಬೆಳಿಗ್ಗೆ ಮಾತು. ಈಗ ಓಡಿಬಂದವನು ನಿಮ್ಮವನು ತಾನೇ? ಕಾಲು ಎತ್ತಿ ತೋರಿಸಿದ್ಯಲ್ಲ." ಆಕೆ ಊರಿನ ಕಡೆ ತಿರುಗಿದಳು. "ಆ ಹನ್ನೊಂದು ವಾರ ಬಾರ್ಟ್ಲಿ ಎಲ್ಲಿದ್ದ ಗೊತ್ತಾ? ಕಾಲುವೆ ಆಚೆ, ಅವನ ಹುಲ್ಲುಗಾವಲಲ್ಲಿ, ಹುಲ್ಲು ಕೊಯ್ತಾ ಇದ್ದ! ನಮ್ಮಜ್ಜಿ ಹೇಳೋರು, ಆ ವರ್ಷ ಗಂಡ ಇಲ್ದಾಗ ನಮ್ಮ ಹುಲ್ಲನ್ನೂ ಬಾರ್ಟ್ಲೀನೇ ಕೊಯ್ದು ಒಟ್ಟಿಕೊಟ್ಟ, ದೇವರಂಥ ಮನುಷ್ಯ ಅಂತ. ಯಾಕೆ ಕೊಯ್ದ ಅಂತ ಈಗ ಅರ್ಥ ಆಯ್ತು. ನಮ್ಮಜ್ಜ ಒಂದು ಬೆರಳು ತೋರಿಸಿದ್ರೆ ಸಾಕಿತ್ತು. 'ಅಗೋ, ನಿಮ್ಮ ಸೈನಿಕ ಅಲ್ಲಿದ್ದಾನೆ' ಅಂದಿದ್ರೆ ಸಾಕಿತ್ತು. ಅನ್ನಲಿಲ್ಲ. ಜಗಳಗಂಟ ನೆರೆಯವನೇ ಆದ್ರೂ ಇಂಗ್ಲಿಷರಿಗೆ ಹಿಡಿದುಕೊಡಲಿಲ್ಲ!"

ಇದು ಬೇರೆ ಊರಾಗಿದ್ದರೆ ಮಾತು ಬೇರೆ. ನಮ್ಮೂರಿನಲ್ಲಿ ಎದೆ ತುಂಬ ಪದಕ ಹಾಕಿಕೊಂಡು ಬಂದರೂ ಇಂಗ್ಲಿಷರ ಜೈಲಿನಲ್ಲಿ ಒಂದು ರಾತ್ರಿ ಕಳೆದವನ ಮುಂದೆ ಬೆಂಚಿನ ತುದಿಯಲ್ಲೇ ಕೂರಬೇಕು. ಅದರಲ್ಲೂ ನೆರೆಯವನ ಸುದ್ದಿಯನ್ನು ಇಂಗ್ಲಿಷರಿಗೆ ಮುಟ್ಟಿಸದೆ ಜೈಲಿನಲ್ಲಿದ್ದವನೆಂದರೆ ಸಂತನೇ ಸರಿ.

"ಹನ್ನೊಂದು ವಾರ!" ಎಂದ ಗಸ್ಸಿ, ಮತ್ತೆ ವಾಲಿ, ತಲೆಯ ಟೋಪಿ ತೆಗೆದ. "ಇಂಗ್ಲಿಷರ ಜೈಲಲ್ಲಿ!"

ಒಬ್ಬೊಬ್ಬರಾಗಿ ಎಲ್ಲರೂ ಟೋಪಿ ತೆಗೆದರು. ನೋರೀನ್ ಮೂಗು ಒರೆಸಿಕೊಂಡಳು. ಸಮಿತಿ ನಿಂತಲ್ಲೇ ಸಭೆ ಸೇರಿ ಟೀ ತಣ್ಣಗಾಗುವ ಮೊದಲೇ ತೀರ್ಮಾನಕ್ಕೆ ಬಂತು. ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರ ಹಳೆಯ ಕಲ್ಲು ಕೂಡುರಸ್ತೆಯಲ್ಲಿದೆಯಲ್ಲ, ಅದರ ಮೇಲೆ ಸಿಲ್ವೆಸ್ಟರ್ ಮುಲ್‌ರೂನಿಯ ಹೆಸರು ಕೆತ್ತಿಸುವುದು. ಇಲ್ಲಿಯ ಹೆಸರು?

"ಇಲ್ಲೂ ಇರ್ಲಿ," ಎಂದಳು ಅಟ್ರಾಕ್ಟಾ. "ಕಾಗದದಲ್ಲಿ ಯಾವ ಹೆಸರಿದೆಯೋ ಅದೇ ಅಂತ ನಿಯಮ. ಕಾಗದದಲ್ಲಿರೋದು ಸಿಲ್ವೆಸ್ಟರ್. ಕಲ್ಲು ಕೆರೆದ್ರೆ ವಿಕಾರ ಆಗುತ್ತೆ. ಬಾರ್ಟ್ಲಿ ಹೆಸರನ್ನ ಹೇಗೂ ಕೆತ್ತೋ ಹಾಗಿಲ್ಲ, ಎರಡನೇ ನಿಯಮ ಇದೆ."

ಹೀಗೆ ಆಲೂಗಡ್ಡೆ ಅಗೆದವನು ಎರಡು ಕಲ್ಲು ಹತ್ತಿದ. ಗುಂಡಿನ ಮಳೆಯಲ್ಲಿ ಇಬ್ಬರನ್ನು ಹೊತ್ತು ತಂದವನಿಗೆ ಅರ್ಧ ಕಲ್ಲೂ ಸಿಗಲಿಲ್ಲ. ಬ್ಯಾಂಡಿನವರು ದೇಶಭಕ್ತಿಯ ಹಾಡು ಶುರು ಮಾಡಿದರು.

"ಹೋದ!" ಮ್ಯಾಲಕಿ ಬ್ಯಾಂಡಿಗಿಂತ ಜೋರಾಗಿ ಕೂಗಿದ. "ಬಾರ್ಟ್ಲಿ ಹೋದ, ಹೊತ್ತು ತಂದ, ಸಾಕು ಅನ್ನಿಸ್ತು, ಮನೆಗೆ ಬಂದ! ಹುಲ್ಲು ಒಣಗಿತ್ತು, ಕೊಯ್ದ! ಅವನ ಜಾಗದಲ್ಲಿ ನಾನಿದ್ರೂ ಬರ್ತಿದ್ದೆ! ಬುದ್ಧಿ ಇರೋ ಯಾವನಾದ್ರೂ ಬರ್ತಿದ್ದ!"

ಯಾರಿಗೂ ಕೇಳಿಸಲಿಲ್ಲ. ಜನ ಮುಲ್‌ರೂನಿಗಳ ಕೈ ಕುಲುಕುವ ಸಾಲಿನಲ್ಲಿದ್ದರು. ಫೋಟೋಗ್ರಾಫರ್ ಅಟ್ರಾಕ್ಟಾ, ಲೊರ್ಕನ್, ಫಾದರ್ ಮೂವರನ್ನೂ ಕಲ್ಲಿನ ಮುಂದೆ ನಿಲ್ಲಿಸಿ ಕ್ಯಾಮೆರಾದಿಂದ ಕಣ್ಣು ತೆಗೆದ.

"ಅಣ್ಣಾ, ನಿಮ್ಮ ಕಾಲು ಫೋಟೋದೊಳಗೆ ಬರ್ತಿದೆ. ಸ್ವಲ್ಪ ಇಳೀರಿ."

"ಇಳಿಯಲ್ಲ."

"ಕಾಲಾದ್ರೂ ತೆಗೀರಿ."

"ತೆಗೆಯಲ್ಲ. ಏನು ಮಾಡ್ಕೋತೀಯೋ ಮಾಡ್ಕೋ."

"ಬಾ ಮ್ಯಾಲಕಿ," ಎಂದು ಡಿಂಪ್ನಾ ತುಪ್ಪಳದ ಚಪ್ಪಲಿ ಹಿಡಿದು ಕರೆದಳು. "ಶೀತ ಆಗುತ್ತೆ." ಅವನು ಜಗ್ಗಲಿಲ್ಲ. ಮಳೆ ಜೋರಾಗಿ, ಎಲ್ಲರೂ ಟೀಗೆ ಸಭಾಂಗಣಕ್ಕೆ ಹೋಗಿ, ಚೌಕದಲ್ಲಿ ಕಲ್ಲೂ ಅವನೂ ಮಾತ್ರ ಉಳಿಯುವ ತನಕ ಬರಿಗಾಲಲ್ಲೇ ನಿಂತಿದ್ದ.

ಗುರುವಾರದ ಜಿಲ್ಲಾ ಪತ್ರಿಕೆಯಲ್ಲಿ ಅರ್ಧ ಪುಟದ ಫೋಟೋ ಬಂತು. ಕೆಳಗೆ ಹೀಗೆ ಮುದ್ರಿಸಿದ್ದರು: ಎಡದಿಂದ ಬಲಕ್ಕೆ, ಅಟ್ರಾಕ್ಟಾ ಮುಲ್‌ರೂನಿ, ಲೊರ್ಕನ್ ಮುಲ್‌ರೂನಿ, ಫಾದರ್ ಕೋಲ್ಮನ್. ಬಲತುದಿಯಲ್ಲಿರುವ ಕಾಲು ಯಾರದೆಂದು ತಿಳಿದುಬಂದಿಲ್ಲ.

ಮ್ಯಾಲಕಿ ಆ ಫೋಟೋ ಕತ್ತರಿಸಿ, ಕಾಲನ್ನಷ್ಟೇ ಉಳಿಸಿಕೊಂಡು, ಚೌಕಟ್ಟು ಹಾಕಿಸಿ ತನ್ನ ರಿಪೇರಿ ಅಂಗಡಿಯ ಗಾಜಿನೊಳಗೆ ರಸ್ತೆಗೆ ಮುಖ ಮಾಡಿ ನೇತುಹಾಕಿದ. ಕೆಳಗೆ ವಾಷಿಂಗ್ ಮಷೀನಿಗೆ ಬಳಿಯುವ ಬಣ್ಣದಲ್ಲಿ ತಾನೇ ದಪ್ಪಗೆ ಬರೆದ: ಬಾರ್ಟ್ಲಿ ಟಿಮೊನಿ.